ಇಪ್ಪತ್ತನೆಯ ಹುರುಪೆ

ಮೀನಿನ ಜಾತಿಗಳ ಪಟ್ಟಿ ಮಾಡ್ತಿದ್ದೀವಿ. ಇವತ್ತು ಲಿಂಗನಮಕ್ಕಿ ಹಿನ್ನೀರಿನ ಬಲೆಯಲ್ಲಿ ಬೆರಳುದ್ದದ ಒಂದು ಗೆಂಡೆ ಮೀನು. ಮೈಮೇಲೆ ಮೂರು ಕಪ್ಪು ಪಟ್ಟೆ.

ಪಟ್ಟೆ ನೋಡಿ ಬೇರೆ ಜಾತಿ ಅಂತ ಬರೆದುಬಿಡೋದು ಬಹಳ ಸುಲಭ. ಆದ್ರೆ ಡಾಕಿನ್ಸಿಯಾ ಫಿಲಮೆಂಟೋಸಾ ಅನ್ನೋ ಗೆಂಡೆ ಜಾತಿಯ ಮರಿಗೆ ಪಟ್ಟೆ ಇರುತ್ತೆ, ಬೆಳೀತಾ ಮಾಯವಾಗಿ ಬಾಲದ ಹತ್ತಿರ ಒಂದೇ ಕಪ್ಪು ಮಚ್ಚೆ ಉಳಿಯುತ್ತೆ.

ಹಾಗಾಗಿ ಬಣ್ಣ ಬಿಟ್ಟು ಬಾಯಿ ನೋಡಬೇಕು. ಮೀಸೆ ಇಲ್ಲ. ಒಂದು ಜೊತೆ ಇದ್ದಿದ್ರೆ ಅದರ ಹತ್ತಿರದ ನೆಂಟ ಅಸಿಮಿಲಿಸ್ ಇರಬಹುದಿತ್ತು.

ಆಮೇಲೆ ಪಾರ್ಶ್ವರೇಖೆಯ, ಅಂದ್ರೆ ಮೈಪಕ್ಕದಲ್ಲಿ ಉದ್ದಕ್ಕೂ ಸಾಗುವ ರಂಧ್ರಗಳ ಸಾಲಿನ, ಹುರುಪೆ ಎಣಿಕೆ. ಕಿವಿರಿನ ಹಿಂದಿನ ಮೊದಲ ರಂಧ್ರದ ಹುರುಪೆಯಿಂದ, ಬಾಲ ಬಗ್ಗಿಸಿದಾಗ ಮಡಿಕೆ ಬೀಳುವ ಜಾಗದವರೆಗೆ. ಸೂಜಿ ತುದಿಯಲ್ಲಿ ಒಂದೊಂದೇ ಮುಟ್ಟುತ್ತಾ ಹೋದ್ರೆ ಇಪ್ಪತ್ತು; ಫಿಲಮೆಂಟೋಸಾಗೆ ಹೊಂದುತ್ತೆ. ಬಲೆಗೆ ಉಜ್ಜಿ ಹುರುಪೆ ಉದುರಿದ್ರೆ ಅದು ಕೂತಿದ್ದ ಗುಳಿಯನ್ನೂ ಎಣಿಸಬೇಕು, ಇಲ್ಲಾಂದ್ರೆ ಲೆಕ್ಕ ತಪ್ಪಿ ಜಾತಿಯೇ ತಪ್ಪುತ್ತೆ.

ಫೋಟೋ ಮೊದಲು, ಎಡಮಗ್ಗುಲಿಂದ, ಪಕ್ಕದಲ್ಲಿ ಅಳತೆಪಟ್ಟಿ, ರೆಕ್ಕೆ ಬಿಚ್ಚಿ. ಬಲಗಡೆ ರೆಕ್ಕೆಯ ಚೂರು, ಡಿಎನ್‌ಎಗಾಗಿ, ಶುದ್ಧ ಎಥನಾಲ್‌ಗೆ. ಮೀನು ಮಾತ್ರ ಕೊನೆಗೆ, ಕೊಳೆಯದಂತೆ, ಫಾರ್ಮಲಿನ್‌ಗೆ: ಒಂದು ಪಾಲಿಗೆ ಒಂಬತ್ತು ಪಾಲು ನೀರು. ಅದರೊಳಗೆ ಹೋದ ಮೇಲೆ ಬಣ್ಣವೂ ಹೋಗುತ್ತೆ, ಡಿಎನ್‌ಎಯೂ ಕೆಡುತ್ತೆ.

ಅದೇ ಬಲೆಯಲ್ಲಿ ಕಾಟ್ಲಾ ಸಿಕ್ಕರೆ ಅದಕ್ಕೂ ಒಂದು ಸಾಲು ಬರೀತೀವಿ, ಆದ್ರೆ ಸ್ಥಳೀಯ ಪಟ್ಟಿಯಲ್ಲಲ್ಲ. ಅದು ಗಂಗೆಯ ಕಡೆಯದು, ಬಿತ್ತನೆ ಮರಿಯಾಗಿ ಇಲ್ಲಿಗೆ ತಂದು ಬಿಟ್ಟದ್ದು. ಶರಾವತಿಯ ಸ್ವಂತ ಮಗು ಅಂದ್ರೆ ಈ ಬೆರಳುದ್ದದ್ದು.