ಮೊದಲ ಇಪ್ಪತ್ತು ಮನೆಗಳ ನೀರು

ನಮ್ಮ ಸೊಸೈಟಿಯವರು ಮೈಸೂರಿನ ಪಕ್ಕದ ಇಲವಾಲದ ಹತ್ತಿರ ಹೊಸ ಬಡಾವಣೆ ಮಾಡುತ್ತಿದ್ದಾರೆ. 240 ಸೈಟು. ಹೋದ ತಿಂಗಳು ನಕ್ಷೆ ಹಿಡಿದುಕೊಂಡು ಮನೆಗೆ ಬಂದರು. ಪಾರ್ಕು ಎಲ್ಲಿ, ಗಣಪತಿ ಗುಡಿ ಎಲ್ಲಿ, ಎಲ್ಲಾ ತೀರ್ಮಾನ ಆಗಿತ್ತು. "ಯುಜಿಡಿ ಒಂದು ನೀವು ನೋಡಿಕೊಟ್ಟುಬಿಡಿ ಸಾರ್, ಆ ಕೆಲಸದಲ್ಲೇ ಇದ್ದವರಲ್ವಾ" ಅಂದರು. ಹೌದು, 31 ವರ್ಷ ಒಳಚರಂಡಿ ಕೆಲಸದಲ್ಲೇ ಕಳೆದೆ.

ನಕ್ಷೆ ನೋಡಿದೆ. ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ, ಬಿಟ್ಟಿದ್ದ ಜಾಗ ಎತ್ತರದ ಮೂಲೆಯಲ್ಲಿತ್ತು. ಅದು ಓರೆ ಮೂಲೆ, ಅಳತೆಗೆ ಸೈಟು ಬೀಳುವುದಿಲ್ಲ. ಅದಕ್ಕೇ ಅಲ್ಲಿ ಬಿಟ್ಟಿದ್ದರು. ಕೊಳಚೆ ನೀರು ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಹತ್ತಿಸಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಕರೆಂಟು ಹೋದ ದಿನ ತಗ್ಗಿನ ಮನೆಯ ಬಚ್ಚಲಲ್ಲಿ ಬಡಾವಣೆಯ ನೀರೆಲ್ಲ ಉಕ್ಕುತ್ತದೆ. "ನಕ್ಷೆ ಮಡಚಿಡಿ, ಮೊದಲು ಜಾಗದ ಮೇಲೆ ನಡೆದು ಬರೋಣ" ಅಂದೆ.

ಮೈಸೂರೇ ದಿಣ್ಣೆಯ ಮೇಲೆ ಕೂತ ಊರು. ಒಂದು ಬೀದಿಯ ನೀರು ಒಂದು ದಿಕ್ಕಿಗೆ, ಪಕ್ಕದ ಬೀದಿಯದು ಇನ್ನೊಂದು ದಿಕ್ಕಿಗೆ. ಅದಕ್ಕೇ ಊರಿಗೆ ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆ ಅಂತ ಮೂರು ಕಡೆ ಸಂಸ್ಕರಣಾ ಘಟಕ ಮಾಡಬೇಕಾಯಿತು. ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ಇಲ್ಲಿ ಸಿಐಟಿಬಿ, ಅಂದರೆ ಊರು ಸುಧಾರಿಸುವ ಮಂಡಳಿ, ಹುಟ್ಟಿತು. ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟಿದ್ದಾರೆ, ನೋಡಿರುತ್ತೀರಿ. ಕೊಳಕು ನೀರಿಗೂ ಒಂದು ದಾರಿ ಬೇಕು ಅಂತ ಮನೆ ಕಟ್ಟುವ ಮುಂಚೆಯೇ ಯೋಚಿಸಿದ್ದರು. ಲಕ್ಷ್ಮೀಪುರಂ ಕಡೆ ಹೋದಾಗಲೆಲ್ಲ ಆ ಗಲ್ಲಿಗಳನ್ನು ನಿಂತು ನೋಡುತ್ತೇನೆ.

ನಡೆದು ನೋಡಿದಾಗ ಜಾಗ ಆಗ್ನೇಯಕ್ಕೆ ಇಳಿಯುತ್ತಿತ್ತು. ಆ ಕಡೆ ಸಣ್ಣ ಹಳ್ಳ, ಅದರಾಚೆ ತೆಂಗು, ರಾಗಿ ಹೊಲ, ಹಳ್ಳದ ಕೊನೆಗೆ ಊರ ಕೆರೆ. ಎಸ್‌ಟಿಪಿ ಅಲ್ಲಿಗೇ ಬರಬೇಕು. ಅದಕ್ಕೆ ನಾಲ್ಕು ಒಳ್ಳೆಯ ಸೈಟು ಹೋಗುತ್ತದೆ. ಕಮಿಟಿಯಲ್ಲಿ ಎರಡು ಭಾನುವಾರ ಜಗಳವೇ ಆಯಿತು. ನಾನು ಬಿಡಲಿಲ್ಲ.

ಬಿಡದೇ ಇರೋಕೆ ಕಾರಣ ನನ್ನ ತಂಗಿಯ ಮನೆ. ಊರಿನ ಇನ್ನೊಂದು ದಿಕ್ಕಿನ ಖಾಸಗಿ ಬಡಾವಣೆಯಲ್ಲಿ ಅವಳು ಮನೆ ಕಟ್ಟಿದಳು. 400 ಮನೆಗೆ ಆಗುವಷ್ಟು ದೊಡ್ಡ ಎಸ್‌ಟಿಪಿ, ಬಣ್ಣ ಬಳಿದು, ಬೋರ್ಡು ಹಾಕಿ ಉದ್ಘಾಟನೆ ಮಾಡಿದ್ದರು. ಮೂರು ವರ್ಷ ಆದರೂ ಅಲ್ಲಿ ಬಂದ ಮನೆ ಮೂವತ್ತೂ ಇರಲಿಲ್ಲ. ಒಂದು ಸಂಜೆ ಫೋನು ಮಾಡಿ, "ಅಣ್ಣ, ಕಿಟಕಿ ತೆಗೆಯೋಕಾಗ್ತಿಲ್ಲ, ಬಂದು ನೋಡು" ಅಂದಳು.

ಹೋದೆ. ಗಾಳಿ ಊದುವ ಬ್ಲೋವರ್ ನಿಂತಿತ್ತು. ಕರೆಂಟು ಬಿಲ್ಲು ಜಾಸ್ತಿ ಅಂತ ರಾತ್ರಿ ಆಫ್ ಮಾಡುತ್ತಿದ್ದರಂತೆ, ಆಮೇಲೆ ಹಗಲೂ ಆಫ್. ಆ ಗಾಳಿ ಊದುವ ಏರಿಯೇಷನ್ ಟ್ಯಾಂಕಿನಿಂದ ಒಂದು ಲೀಟರಿನ ಗಾಜಿನ ಜಾರಿನಲ್ಲಿ ನೀರು ತೆಗೆದು ಕಟ್ಟೆಯ ಮೇಲಿಟ್ಟೆ. ಇದು ನಮ್ಮ ಕೆಲಸದ ನಾಡಿ ಪರೀಕ್ಷೆ. ಘಟಕ ಚೆನ್ನಾಗಿದ್ದರೆ ಕಾಫಿ ಬಣ್ಣದ ಹಿಂಜಿದ ಹತ್ತಿಯಂಥ ಗಷ್ಟು ನಿಧಾನ ಕೆಳಗಿಳಿಯುತ್ತದೆ. ಕೊಳೆ ತಿನ್ನುವ ಬ್ಯಾಕ್ಟೀರಿಯಾ ಇರುವುದು ಈ ಗಷ್ಟಿನಲ್ಲೇ. 30 ನಿಮಿಷಕ್ಕೆ ಜಾರಿನ ಕಾಲು ಭಾಗದಷ್ಟು, ಇಲ್ಲಾಂದ್ರೆ ಸ್ವಲ್ಪ ಜಾಸ್ತಿ ನಿಲ್ಲುತ್ತದೆ. ಮೇಲೆ ತಿಳಿನೀರು. ಅವತ್ತು ಅರ್ಧ ಗಂಟೆ ಕಾದೆ. ಜಾರು ಪೂರ್ತಿ ಕಪ್ಪು. ಏನೂ ಇಳಿಯಲಿಲ್ಲ, ಕೊಳೆತ ಮೊಟ್ಟೆ ವಾಸನೆ. ಗಾಳಿ ಇಲ್ಲದೆ ಬ್ಯಾಕ್ಟೀರಿಯಾ ಉಸಿರು ಕಟ್ಟಿ ಸತ್ತಿದ್ದವು. ಆ ನೀರು ಹಾಗೇ ಹಿಂದಿನ ಕೆರೆಗೆ ಹೋಗುತ್ತಿತ್ತು. ಜಾರು ತೊಳೆಯುವಾಗ ನನಗೆ ನಿಜವಾಗಲೂ ಅಳು ಬಂತು.

ಅಲ್ಲಿ ಆದ ತಪ್ಪು ಬರೀ ಕರೆಂಟಿನದಲ್ಲ. ಬಡಾವಣೆ ತುಂಬಿದ ದಿನಕ್ಕೆ ಲೆಕ್ಕ ಹಾಕಿದ್ದರು. ತುಂಬುವ ತನಕದ ಹತ್ತು ಹದಿನೈದು ವರ್ಷಕ್ಕೆ ಯಾರೂ ಲೆಕ್ಕ ಹಾಕಿರಲಿಲ್ಲ. ಮೂವತ್ತು ಮನೆ ನೀರು ಬಿದ್ದರೆ ಅಷ್ಟು ದೊಡ್ಡ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗೆ ಊಟವೇ ಸಾಲದು.

ನಮ್ಮ ಲೆಕ್ಕ ಹೀಗೆ. ಒಳಚರಂಡಿ ಇರುವ ಊರಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಹಿಡಿಯುತ್ತಾರೆ. ಅದರಲ್ಲಿ ಶೇ. 80 ಕೊಳಚೆಯಾಗಿ ಹೊರಗೆ ಬರುತ್ತದೆ, ಅಂದರೆ 108 ಲೀಟರ್. ಸೈಟಿಗೆ ಒಂದು ಮನೆ, ಮನೆಗೆ ಐದು ಜನ ಅಂದರೆ 1,200 ಜನ, ದಿನಕ್ಕೆ ಸುಮಾರು 1,30,000 ಲೀಟರ್. ಆದರೆ ಮೊದಲ ಇಪ್ಪತ್ತು ಮನೆಯಿಂದ ಬರುವುದು 11,000 ಲೀಟರ್ ಮಾತ್ರ. ಅದಕ್ಕೇ ಒಂದೇ ದೊಡ್ಡ ಘಟಕ ಬೇಡ ಅಂದೆ. ಮೊದಲು 30,000 ಲೀಟರಿನದು ಒಂದು. ಮನೆ ಬಂದ ಹಾಗೆ 50,000ದ ಎರಡು. ಮೈಸೂರಲ್ಲಿ ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಬಿಡದವರು ಯಾರಿದ್ದಾರೆ? ಹಾಗಾಗಿ ಇನ್ನೂ ಒಂದಕ್ಕೆ ಖಾಲಿ ಜಾಗ. ಶುರುವಿಗೆ ಸಗಣಿ ಕದಡಿ ಹಾಕಿ, ನಡೆಯುತ್ತಿರುವ ಬೇರೆ ಘಟಕದಿಂದ ಗಷ್ಟು ತಂದು ಹೆಪ್ಪು ಹಾಕಬೇಕು. ಬ್ಲೋವರ್ ಎರಡು, ಜನರೇಟರ್ ಒಂದು. ಇದರಲ್ಲಿ ಚೌಕಾಸಿ ಇಲ್ಲ.

ಪೈಪಿನದೂ ಇದೇ ಕಥೆ. ಇಪ್ಪತ್ತು ಮನೆ ಒಂದೇ ಸಾಲಲ್ಲಿ ಬರುವುದಿಲ್ಲ, ಅಲ್ಲೊಂದು ಇಲ್ಲೊಂದು. ನೀರು ಕಡಿಮೆ ಇದ್ದರೆ ಕೊಳೆ ಮುಂದೆ ಹೋಗದೆ ತಳಕ್ಕೆ ಕಚ್ಚಿಕೊಳ್ಳುತ್ತದೆ. ಸೆಕೆಂಡಿಗೆ 0.6 ಮೀಟರ್ ಓಟ ಇದ್ದರೆ ಪೈಪು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಆ ಓಟ ಬರಬೇಕಾದರೆ ವಾಟ ಸರಿಯಾಗಿರಬೇಕು. ಮೇಲಿನ ಸಾಲುಗಳಿಗೆ 100 ಮೀಟರಿಗೆ 60 ಸೆಂಟಿಮೀಟರ್ ಇಳಿಸಿ ಅಂತ ಬರೆದುಕೊಟ್ಟಿದ್ದೇನೆ. ಬಡಾವಣೆ ತುಂಬುವ ತನಕ ಹದಿನೈದು ದಿನಕ್ಕೊಮ್ಮೆ ಮೇಲಿನ ಮ್ಯಾನ್‌ಹೋಲಿಂದ ಒಂದು ಟ್ಯಾಂಕರ್ ನೀರು ಬಿಡುವುದು ಅಂತಲೂ ಒಪ್ಪಿಸಿದ್ದೇನೆ.

ಪೈಪು ಹಾಕಿದ ಮೇಲೆ ಮಣ್ಣು ಮುಚ್ಚುವ ಮುಂಚೆ ಕನ್ನಡಿ ಪರೀಕ್ಷೆ ಮಾಡದೆ ಬಿಲ್ಲು ಕೊಡಬೇಡಿ. ಒಂದು ಮ್ಯಾನ್‌ಹೋಲಲ್ಲಿ ಟಾರ್ಚು, ಇನ್ನೊಂದರಲ್ಲಿ ಕನ್ನಡಿ. ಪೈಪು ನೇರ ಇದ್ದರೆ ಕನ್ನಡಿಯಲ್ಲಿ ಹುಣ್ಣಿಮೆ ಚಂದ್ರ ಕಾಣುತ್ತಾನೆ. ಎಲ್ಲಾದರೂ ಕುಸಿದಿದ್ದರೆ ಚಂದ್ರ ಅರ್ಧ. ಅರ್ಧ ಚಂದ್ರ ಕಂಡ ಕಡೆ ಪೈಪು ಎತ್ತಿಸಿ ಮತ್ತೆ ಹಾಕಿಸಿ.

ಮ್ಯಾನ್‌ಹೋಲ್ 30 ಮೀಟರಿಗೊಂದು ಬೇಕು, ಜೋರಾಗಿ ನೀರು ಹೊಡೆದು ಪೈಪು ಕ್ಲೀನ್ ಮಾಡುವ ಜೆಟ್ಟಿಂಗ್ ಗಾಡಿ ಅದರ ಪಕ್ಕಕ್ಕೇ ಬರುವಂತಿರಬೇಕು. ರಕ್ಷಣಾ ಸಾಧನ ಇಲ್ಲದೆ ಮನುಷ್ಯನನ್ನು ಒಳಗೆ ಇಳಿಸಿ ಕ್ಲೀನ್ ಮಾಡಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಕಾನೂನು ಬರುವ ಮುಂಚೆ ಇಳಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ನಾನು ಮೇಲೆ ಪುಸ್ತಕ ಹಿಡಿದು ನಿಂತಿರುತ್ತಿದ್ದೆ. ನಾನು ಬರೆದ ನಕ್ಷೆಯಲ್ಲಿ ಇನ್ನು ಯಾರೂ ಇಳಿಯುವ ಹಾಗಿರಬಾರದು.

ಇನ್ನೊಂದು ಮಾತು. ಮಳೆ ನೀರಿನ ಪೈಪನ್ನು ಯುಜಿಡಿ ಚೇಂಬರಿಗೆ ದಯವಿಟ್ಟು ಕೊಡಬೇಡಿ. ಒಂದು ಜೋರು ಮಳೆಗೆ ಮುಚ್ಚಳಗಳೆಲ್ಲ ಎದ್ದು ನಿಲ್ಲುತ್ತವೆ, ಘಟಕದ ಬ್ಯಾಕ್ಟೀರಿಯಾ ಕೊಚ್ಚಿಕೊಂಡು ಹೋಗುತ್ತದೆ.

ಮೊದಲ ದಿನ ನಡೆದು ನೋಡುವಾಗ ಹಳ್ಳದ ಪಕ್ಕದ ಹೊಲದ ಯಜಮಾನರು ಸಿಕ್ಕರು. ನಮ್ಮ ಕೈಲಿದ್ದ ನಕ್ಷೆ ನೋಡಿ, "ನಿಮ್ ನೀರು ಎಲ್ಲಿಗ್ ಬತ್ತದೆ ಸಾ?" ಅಂತ ಕೇಳಿದರು. ಶುದ್ಧ ಮಾಡಿದ ನೀರು ಮೊದಲು ನಮ್ಮ ಪಾರ್ಕಿಗೆ, ಮಿಕ್ಕಿದ್ದು ಈ ಹಳ್ಳಕ್ಕೆ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. "ಪೈಪ್ ಬಾಯ ನಮ್ ಕಣ್ಗ್ ಕಾಣಂಗೆ ಮಡಗಿ. ನೀರು ಕರ್ರಗಾದ್ರೆ ನಾವೇ ಬಂದು ಯೋಳ್ತೀವಿ" ಅಂದರು.

ಹೊಸ ನಕ್ಷೆಯಲ್ಲಿ ಪೈಪಿನ ಬಾಯಿ ಅವರ ಹೊಲದ ಬದುವಿನ ಎದುರಿಗೇ ಇದೆ.