ಘಟ್ಟದ ರಸ್ತೆ ಶೀಟಲ್ಲಿ ಕೂರಲ್ಲ

ಕಾರವಾರದ ಸಮುದ್ರದ ಬದಿ ರಸ್ತೆ ಮಾಡುವಾಗ ರಸ್ತೆ ಡಿಸೈನ್ ಮಾಡೋ ಸಾಫ್ಟ್‌ವೇರ್ ಸಿವಿಲ್ 3ಡಿಲಿ ಪ್ರೊಫೈಲ್ ವ್ಯೂ (ರಸ್ತೆ ಉದ್ದಕ್ಕೂ ಏರಿಳಿತ ತೋರಿಸೋ ಚಿತ್ರ) ಬಗ್ಗೆ ತಲೆ ಕೆಡಿಸ್ಕೊಂಡೇ ಇರ್ಲಿಲ್ಲ, ಸಪಾಟು ನೆಲ. ದೇವಿಮನೆ ಘಟ್ಟದಂಥ ಏರು ಬಂದಾಗ್ಲೇ ಗೊತ್ತಾಗೋದು. ಲೆಕ್ಕ ನೋಡಿ, ಒಂದು ಡ್ರಾಯಿಂಗ್ ಶೀಟಿಗೆ 600 ಮೀಟರ್ ಉದ್ದ, 6% ಏರು ಅಂದ್ರೆ 36 ಮೀಟರ್ ಎತ್ತರ, ವರ್ಟಿಕಲ್ ಸ್ಕೇಲ್ (ಎತ್ತರದ ಸ್ಕೇಲ್) 1:100 ಇಟ್ರೆ ಪೇಪರ್ ಮೇಲೆ 36 ಸೆಂಟಿಮೀಟರ್, ಎ1 ಶೀಟಿನ ಎತ್ತರವೇ 59.4, ಅದ್ರಲ್ಲಿ ಅರ್ಧ ಪ್ಲಾನಿಗೇ (ಮೇಲಿಂದ ನೋಡಿದ ನಕ್ಷೆಗೆ) ಹೋಯ್ತಲ್ಲ!

ಸ್ಪ್ಲಿಟ್ ಪ್ರೊಫೈಲ್ ವ್ಯೂ ಆನ್ ಮಾಡಿ ಎತ್ತರ ನಾವೇ ಕೊಟ್ರೆ ಮಧ್ಯೆ ಡೇಟಮ್ (ಚಿತ್ರದ ತಳದ ಲೆವೆಲ್) ಬದಲಾಗಿ ಗೆರೆ ಕೆಳಗಿಳಿದು ಶೀಟೊಳಗೇ ಉಳಿಯತ್ತೆ. ಸ್ಕೇಲ್ 1:200 ಮಾಡೋದಕ್ಕಿಂತ ನಂಗೆ ಇದೇ ಇಷ್ಟ, ಮಳೇಲಿ ಶೀಟ್ ಹಿಡ್ಕೊಂಡು ಸೈಟಲ್ಲಿ ನಿಂತವ್ರಿಗೆ ಕಟಿಂಗು ಫಿಲ್ಲಿಂಗು (ಮಣ್ಣು ಎಲ್ಲಿ ಕಡಿಯೋದು, ಎಲ್ಲಿ ತುಂಬೋದು) ಸರಿಯಾಗಿ ಕಾಣ್ಬೇಕು. ಡೇಟಮ್ ಬದಲಾದ ಚೈನೇಜಲ್ಲಿ (ರಸ್ತೆ ಶುರುವಿಂದ ಅಳೆದ ದೂರದಲ್ಲಿ) ಎರಡೂ ಕಡೆ ಲೆವೆಲ್ ಬಂದಿದ್ಯಾ ನೋಡಿ, ಆಮೇಲೇ ಪ್ಲಾಟ್ (ಪ್ರಿಂಟ್) ಕೊಡಿ.