ಹ್ಯಾಂಡ್‌ಬ್ರೇಕ್ ಹಾಕಿದ್ಮೇಲೂ ಗಾಡಿ ಹಿಂದಕ್ಕೆ ಬಂತು

ಹೋದ ತಿಂಗಳು ಸಂಡೂರು ಕಡೆ ಅದಿರು ಲೋಡ್ ಮಾಡ್ಕೊಂಡು ವೇಬ್ರಿಡ್ಜ್ ಮುಂದೆ ಕ್ಯೂನಲ್ಲಿ ನಿಂತಿದ್ವಿ, ಅಲ್ಲಿ ರೋಡು ಸ್ವಲ್ಪ ಏರು ಐತೆ, ನಾನು ಹ್ಯಾಂಡ್‌ಬ್ರೇಕ್ ಹಾಕಿ ಚೀಟಿ ತೋರ್ಸೋಕೆ ಕೆಳಗಿಳ್ದೆ. ನಾಕು ಹೆಜ್ಜೆ ಹೋಗಿಲ್ಲ, ನಮ್ಮ ಕ್ಲೀನರ್ ಹುಡುಗ "ಅಣ್ಣಾ ಗಾಡಿ, ಅಣ್ಣಾ ಗಾಡಿ" ಅಂತ ಚೀರಿದ. ತಿರುಗಿ ನೋಡಿದ್ರೆ ಲೋಡ್ ಗಾಡಿ ಮೆಲ್ಲಗೆ, ಸದ್ದೇ ಇಲ್ದಂಗೆ ಹಿಂದಕ್ಕೆ ಬರ್ತೈತೆ. ಹಿಂದೆ ಇನ್ನೊಂದು ಟಿಪ್ಪರ್ ನಿಂತೈತೆ, ಅದರ ಡ್ರೈವರ್ ಎರಡೂ ಗಾಡಿ ನಡುವೆ ನಿಂತ್ಕೊಂಡು ಫೋನಲ್ಲಿ ಮಾತಾಡ್ತಾ ಇದ್ದ. ಹುಡುಗ ಗಾಲಿಗೆ ಕಲ್ಲು ಕೊಟ್ಟ, ಗಾಡಿ ಅರ್ಧ ಅಡಿ ಬಂದು ನಿಂತ್ಕೊಂತು. ಆ ದಿನ ರಾತ್ರಿ ನಂಗೆ ನಿದ್ದೆ ಹತ್ತಿಲ್ಲ.

ಬಳ್ಳಾರಿಗೆ ಬಂದು ಒಂದು ಕಡೆ ತೋರ್ಸಿದೆ, ಅವರು ಗಾಡಿ ಕೆಳಗೂ ಹೋಗ್ಲಿಲ್ಲ, ಸ್ಪ್ರಿಂಗ್ ಹೋಗೈತೆ, ನಾಕೂ ಬೂಸ್ಟರ್ ಹೊಸಾವು ಹಾಕ್ಸು ಅಂದ್ಬಿಟ್ರು. ಬೂಸ್ಟರ್ ಅಂದ್ರೆ ಗಾಲಿ ಹತ್ರ ಇರೋ, ಬ್ರೇಕ್ ಒತ್ತೋ ಡಬ್ಬಿ. ನಂದು ಹತ್ತು ಗಾಲಿ ಟಿಪ್ಪರ್, ಹಿಂದಿನ ಎರಡು ಹೌಸಿಂಗಿಗೆ, ಅಂದ್ರೆ ಆಕ್ಸಲ್ಲಿಗೆ, ಸೇರಿ ನಾಕು ಸ್ಪ್ರಿಂಗ್ ಬೂಸ್ಟರ್. ಒಂದೇ ಗಾಡಿ ಇಟ್ಕೊಂಡು ಕಂತು ಕಟ್ಟೋ ಮನುಷ್ಯನಿಗೆ ಅದು ಸಣ್ಣ ಖರ್ಚಲ್ಲ. ಅದಕ್ಕೆ ಮರುದಿನ ನಮ್ಮಪ್ಪನ ಕಾಲದಿಂದ ಗೊತ್ತಿರೋ ಮೆಕ್ಯಾನಿಕ್ ಚಾಚಾ ಹತ್ರ ಹೋದೆ. ಕೋಟೆ ಗುಡ್ಡ ಕಾಣೋ ಕಡೆ ಒಂದು ತಗಡಿನ ಶೆಡ್ಡು ಅವರದು.

ಚಾಚಾ ಮೊದ್ಲು ಕೈಗೆ ತಗೊಂಡಿದ್ದು ಪಾನಾ ಅಲ್ಲ, ಸೀಮೆಸುಣ್ಣ. ಗಾಡಿ ಸಮ ನೆಲದಾಗೆ ನಿಲ್ಸಿ, ಮುಂದಿನ ಗಾಲಿಗೆ ಎರಡೂ ಕಡೆ ಕಟ್ಟಿಗೆ ತುಂಡು ಕೊಟ್ಟು, ಇಂಜಿನ್ ಹಚ್ಚಿ ಗಾಳಿ ತುಂಬಿಸಿ, ಹ್ಯಾಂಡ್‌ಬ್ರೇಕ್ ಬಿಡಿಸಿದ್ರು. ಬೂಸ್ಟರಿಂದ ಹೊರಗೆ ಬರೋ ರಾಡ್ ಮ್ಯಾಲೆ, ಬೂಸ್ಟರ್ ಮುಖಕ್ಕೆ ಹತ್ತಿ ಒಂದು ಗೆರೆ ಎಳೆದ್ರು. ಹುಡುಗನಿಗೆ ಬ್ರೇಕ್ ಪೆಡಲ್ ಪೂರ್ತಿ ತುಳಿ ಅಂದ್ರು. ಗೆರೆ ಎಷ್ಟು ದೂರ ಬಂತು ಅಂತ ಟೇಪ್ ಹಿಡ್ದು ಅಳೆದ್ರೆ ಒಂದು ಕಡೆ ಎರಡೂಕಾಲು ಇಂಚು, ಇನ್ನೊಂದು ಕಡೆ ಇನ್ನೂ ಸ್ವಲ್ಪ ಜಾಸ್ತಿ. "ಸ್ಪ್ರಿಂಗ್ ಚೆನ್ನಾಗೈತೆ ಬೇಟಾ, ರಾಡೇ ಇಷ್ಟು ದೂರ ಓಡಿದ್ರೆ ಅದು ಪಾಪ ಏನು ಹಿಡೀಬೇಕು" ಅಂದ್ರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡ್ದವ್ರಿಗೂ ಇದು ಉಲ್ಟಾ ಗೊತ್ತಿರ್ತೈತೆ. ಈ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಗಾಳಿ ಅಲ್ಲ, ಬೂಸ್ಟರ್ ಹಿಂದಿನ ಡಬ್ಬಿ ಒಳಗಿರೋ ದಪ್ಪ ಸ್ಪ್ರಿಂಗ್. ಗಾಳಿ ಆ ಸ್ಪ್ರಿಂಗನ್ನ ಅದುಮಿ ಹಿಡ್ಕೊಂಡಿರ್ತೈತೆ ಅಷ್ಟೆ. ನಾವು ಹ್ಯಾಂಡ್‌ಬ್ರೇಕ್ ಹಾಕ್ದಾಗ ಪುಸ್ ಅಂತ ಗಾಳಿ ಹೊರಗೆ ಹೋಗ್ತೈತೆ, ಸ್ಪ್ರಿಂಗ್ ಬಿಚ್ಕೊಂಡು ರಾಡ್ ತಳ್ತೈತೆ, ರಾಡ್ ತನ್ನ ತುದಿಗಿರೋ ಸ್ಲ್ಯಾಕ್ ಅನ್ನೋ ತೋಳನ್ನ ತಿರುಗಿಸ್ತೈತೆ, ಸ್ಲ್ಯಾಕ್ ಕ್ಯಾಮ್ ತಿರುಗಿಸ್ತೈತೆ, ಕ್ಯಾಮ್ ಲೈನರನ್ನ, ಅಂದ್ರೆ ಬ್ರೇಕ್ ಪಟ್ಟಿನ, ಗಾಲಿ ಜೊತೆ ತಿರುಗೋ ಡ್ರಮ್ಮಿಗೆ ಒತ್ತುತೈತೆ. ಆದ್ರೆ ಸ್ಪ್ರಿಂಗ್ ಬಿಚ್ಕೊಂತಾ ಹೋದಂಗೆ ಅದರ ಕಸುವು ಕಮ್ಮಿ ಆಗ್ತೈತೆ. ಲೈನರ್ ಸವೆದು, ಸ್ಲ್ಯಾಕ್ ಅಡ್ಜಸ್ಟ್ ಮಾಡದೆ ಬಿಟ್ಟಿದ್ರೆ ಲೈನರ್ ಡ್ರಮ್ಮಿಗೆ ಮುಟ್ಟೋ ಹೊತ್ತಿಗೇ ಸ್ಪ್ರಿಂಗ್ ಅರ್ಧ ಸುಸ್ತಾಗಿರ್ತೈತೆ, ಅದಕ್ಕೇ ಖಾಲಿ ಗಾಡಿ ನಿಲ್ತೈತೆ, ಲೋಡ್ ಗಾಡಿ ಜಾರ್ತೈತೆ. ನಮ್ಮ ಗಾಡಿಗಿರೋ 30 ನಂಬರ್ ಬೂಸ್ಟರಿಗೆ ರಾಡ್ ಎರಡು ಇಂಚು, ಅಂದ್ರೆ 50 ಮಿಲಿಮೀಟರ್ ದಾಟಿ ಬರಬಾರದು.

ಅಡ್ಜಸ್ಟ್ ಮಾಡೋದು ಡ್ರಮ್ ಪೂರ್ತಿ ತಣ್ಣಗಾದ್ಮೇಲೆ. ಘಾಟ್ ಇಳ್ದು ಬಂದ ಕಾದ ಡ್ರಮ್ ಹಿಗ್ಗಿರ್ತೈತೆ, ಆಗ ಬಿಗಿ ಮಾಡಿದ್ರೆ ತಣ್ಣಗಾದ್ಮೇಲೆ ಲೈನರಿಗೆ ಕಚ್ಕೊಂಡ್ಬಿಡ್ತೈತೆ. ಹ್ಯಾಂಡ್‌ಬ್ರೇಕ್ ಬಿಟ್ಟಿರ್ಬೇಕು, ಗಾಳಿ ಒತ್ತಡದ ಮೀಟರ್ ಮುಳ್ಳು 8 ಬಾರ್ ಹತ್ರ ಇರ್ಬೇಕು, ಗಾಲಿಗೆ ಕೊಟ್ಟಿರೋ ಕಟ್ಟಿಗೆ ತೆಗೀಬಾರದು. ಸ್ಲ್ಯಾಕ್ ಮ್ಯಾಲಿನ ಬೋಲ್ಟಿನ ತಲೆಗೆ ಲಾಕ್ ಇರ್ತೈತೆ, ಪಾನಾದಿಂದ ಅದನ್ನ ಒಳಗೆ ಒತ್ತಿ ತಿರುಗಿಸ್ಬೇಕು. ನಮ್ಮದ್ರಲ್ಲಿ ಆ ಲಾಕೇ ಒತ್ತೋಕೆ ಬರ್ಲಿಲ್ಲ, ಅದಿರಿನ ಕೆಂಪು ಧೂಳು ಗ್ರೀಸಿಗೆ ಮೆತ್ಕೊಂಡು ಗಾರೆ ತರ ಗಟ್ಟಿಯಾಗಿತ್ತು, ಡೀಸೆಲ್ ಹಾಕಿ ತಂತಿ ಬ್ರಶ್‌ನಿಂದ ತಿಕ್ಕೋದ್ರಲ್ಲೇ ಅರ್ಧ ತಾಸು ಹೋಯ್ತು. ತಿರುಗಿಸೋವಾಗ ಕ್ಯಾಮ್ ಕಡೆ ಕಣ್ಣಿರ್ಬೇಕು, ಬ್ರೇಕ್ ಹಿಡಿಯೋವಾಗ ಅದು ಯಾವ ಕಡೆ ತಿರುಗ್ತೈತೋ ಅದೇ ಕಡೆ ತಿರುಗ್ಬೇಕು, ಇಲ್ಲಾಂದ್ರೆ ನೀವು ಬಿಗಿ ಮಾಡೋ ಬದ್ಲು ಸಡಿಲ ಮಾಡ್ತಿದೀರಿ ಅಂತ. ಲೈನರ್ ಮುಟ್ಟಿ ಪಾನಾ ಗಟ್ಟಿಯಾದ್ಮೇಲೆ ಕಾಲು ಸುತ್ತಿಂದ ಅರ್ಧ ಸುತ್ತು ವಾಪಸ್.

ಆಮೇಲೆ ಚಾಚಾ ಡ್ರಮ್ಮಿಗೆ ಸುತ್ತಿಗೆಯಿಂದ ಮೆಲ್ಲಗೆ ಒಂದೇಟು ಕೊಟ್ಟು ತಲೆ ವಾರೆ ಮಾಡಿ ಕೇಳಿಸ್ಕೊಂಡ್ರು. ಮೊದ್ಲನೇ ಗಾಲಿ ಠಣ್ ಅಂತು, ಗುಡಿ ಗಂಟೆ ತರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ಎರಡನೇದು ದಬ್ ಅಂದು ಅಲ್ಲೇ ಸತ್ತೋಯ್ತು, ಅಂದ್ರೆ ಲೈನರ್ ಇನ್ನೂ ಡ್ರಮ್ಮಿಗೆ ತಾಗ್ತಾ ಐತೆ. ಕೂದಲಷ್ಟು ಸಡಿಲ ಮಾಡಿ ಮತ್ತೆ ಹೊಡೆದ್ರು, ಠಣ್ ಅಂತು. ನಂಗೂ ಸುತ್ತಿಗೆ ಕೊಟ್ಟು ನಾಕೂ ಗಾಲಿ ಕೇಳ್ಸಿದ್ರು. ಈಗ ಕಣ್ಮುಚ್ಚಿದ್ರೂ ವ್ಯತ್ಯಾಸ ಹೇಳ್ತೀನಿ.

ಹೊಸ ಗಾಡಿಗಳಿಗೆ ತಾನೇ ಬಿಗಿಯಾಗೋ ಆಟೋ ಸ್ಲ್ಯಾಕ್ ಬರ್ತೈತೆ. ಅದು ಸಡಿಲ ಆಗೈತೆ ಅಂದ್ರೆ ಬೇರೆ ಎಲ್ಲೋ ತೊಂದ್ರೆ ಐತೆ ಅಂತ, ಕ್ಯಾಮ್ ಬುಶ್ ಹೋಗಿರ್ಬೋದು, ಪಿನ್ ಸವೆದಿರ್ಬೋದು, ಸ್ಲ್ಯಾಕೇ ಕೆಟ್ಟಿರ್ಬೋದು. ಅದನ್ನ ದಿನಾ ಪಾನಾ ಹಾಕಿ ತಿರುಗಿಸ್ತಾ ಓಡಾಡಬ್ಯಾಡ್ರಿ, ರಿಪೇರಿ ಮಾಡಿಸ್ರಿ.

ಇನ್ನೊಂದು ಮಾತು, ಇದನ್ನ ಹೇಳೋಕೇ ನಾನು ಬರೆಯೋಕೆ ಕುಂತಿದ್ದು. ದಾರಿಯಲ್ಲಿ ಗಾಳಿ ಲೀಕ್ ಆಗಿ ಗಾಲಿ ಹಿಡ್ಕೊಂಡ್ರೆ ಬೂಸ್ಟರ್ ಹಿಂದೆ ಬೋಲ್ಟ್ ಹಾಕಿ ಸ್ಪ್ರಿಂಗನ್ನ ಎಳೆದು ಕಟ್ಟೋಕೆ ಬರ್ತೈತೆ, ಆದ್ರೆ ಅದಕ್ಕಿಂತ ಮುಂಚೆ ಗಾಲಿಗೆ ಕಲ್ಲು ಕೊಡ್ರಿ, ಯಾಕಂದ್ರೆ ಕಟ್ಟಿದ ಗಾಲಿಗೆ ಆಮೇಲೆ ಹ್ಯಾಂಡ್‌ಬ್ರೇಕೇ ಇರಲ್ಲ. ಮತ್ತೆ ಆ ಹಿಂದಿನ ಡಬ್ಬಿ ಮಾತ್ರ ಯಾವ ಕಾರಣಕ್ಕೂ ಬಿಚ್ಚಬ್ಯಾಡ್ರಿ. ಒಳಗಿನ ಸ್ಪ್ರಿಂಗ್ ನೂರಾರು ಕೆಜಿ ಒತ್ತಡದಲ್ಲಿ ಕುಂತಿರ್ತೈತೆ, ಕ್ಲಾಂಪ್ ತೆಗೆದ ಕ್ಷಣಕ್ಕೆ ಮುಚ್ಚಳ ಗುಂಡಿನಂಗೆ ಹಾರ್ತೈತೆ, ಎದುರಿಗಿರೋ ಮನುಷ್ಯ ಉಳಿಯಲ್ಲ. ಕೆಲಸ ಕಲಿಯೋಕೆ ಬಂದ ಸಣ್ಣ ಹುಡುಗರ ಕೈಗೆ ಪಾನಾ ಕೊಟ್ಟು "ಬಿಚ್ಚೋ ಅದನ್ನ" ಅನ್ನೋದು ನಾನು ಎಷ್ಟೋ ಸಲ ಕೇಳೀನಿ. ದಯವಿಟ್ಟು ಹಂಗೆ ಹೇಳ್ಬ್ಯಾಡ್ರಿ. ಅದು ಕೆಟ್ರೆ ಡಬ್ಬಿ ಬಿಚ್ಚದೆ ಪೂರ್ತಿ ಬೂಸ್ಟರನ್ನೇ ಗಾಡಿಯಿಂದ ಕಳಚಿ ಬದಲಿ ಮಾಡ್ರಿ, ಕಳಚೋಕೆ ಮುಂಚೆ ಸ್ಪ್ರಿಂಗ್ ಕಟ್ರಿ.

ಕೊನೆಗೆ ಮತ್ತೆ ಗೆರೆ ಎಳ್ದು ಅಳೆದ್ವಿ, ನಾಕೂ ಕಡೆ ಒಂದೂವರೆ ಇಂಚು, ಹೆಚ್ಚು ಕಮ್ಮಿ ಸಮ. ಬೂಸ್ಟರ್ ಒಂದೂ ಬದಲಿ ಮಾಡ್ಲಿಲ್ಲ. ಚಾಚಾ ಕೂಲಿ ಜೊತೆಗೆ ಒಗ್ಗಾಣಿ ಮಿರ್ಚಿ ತರ್ಸು ಅಂದ್ರು, ಮೂರೂ ಜನ ಶೆಡ್ಡಿನಾಗೇ ಕುಂತು ತಿಂದ್ವಿ.

ಮೊನ್ನೆ ಅದೇ ವೇಬ್ರಿಡ್ಜ್ ಏರಿನಲ್ಲಿ, ಅದೇ ಲೋಡಲ್ಲಿ ನಿಲ್ಸಿದೆ. ಹ್ಯಾಂಡ್‌ಬ್ರೇಕ್ ಹಾಕಿ ಪೆಡಲ್ ಮೇಲಿಂದ ಕಾಲು ಮೆಲ್ಲಗೆ ತೆಗ್ದೆ, ಗಾಡಿ ಅಲುಗಾಡ್ಲಿಲ್ಲ. ಆದ್ರೂ ಹುಡುಗ ಆಗಲೇ ಕಲ್ಲು ಹಿಡ್ಕೊಂಡು ಕೆಳಗಿಳಿದಿದ್ದ, ನಾನು ಬ್ಯಾಡ ಅನ್ಲಿಲ್ಲ.